ಐದೂವರೆ ಗಂಟೆ

ಗಂಟೆಗೆ ಇಷ್ಟು ಪೈಸೆ ಎಂದು ಬಾಡಿಗೆಗೆ ಸಿಕ್ಕಿತು
ಯಾರೋ ಮೊದಲೇ ಕಟ್ಟಿ, ಗುಡಿಸಿ, ಒರೆಸಿಟ್ಟ ಸರ್ವರು.
ಒಳಗೆ ಡೇಟಾಬೇಸು ಕೂತೇ ಇತ್ತು,
ಒಲೆ ಹಚ್ಚಿ, ಎಸರಿಟ್ಟು, ಎದ್ದುಹೋದಂತೆ.
ಪಟ್ಟಿಯಲ್ಲಿ ಒಂದು ಇಮೇಜಿನ ಮೇಲೆ ಬೆರಳಿಟ್ಟೆ;
ಚಹಾ ಆರುವಷ್ಟರಲ್ಲಿ
ಮುಂಬಯಿಯಲ್ಲೆಲ್ಲೋ ಅದು ಕಣ್ಣು ಬಿಟ್ಟಿತು.

ಹೆಪ್ಪಿನ ಹಾಗೆ ಇದು, ಅಂದುಕೊಂಡೆ.
ಪಕ್ಕದ ಮನೆಯ ಒಂದು ಚಮಚ ಮಜ್ಜಿಗೆ
ರಾತ್ರಿ ಹಾಲಿಗೆ ಬಿದ್ದರೆ ಬೆಳಗಿನ ಮೊಸರು ನಮ್ಮದೇ.
ಅವರ ಮನೆಯ ಹುಳಿ ಎಷ್ಟು ದಿನದ್ದೆಂದು
ಯಾರು ಕೇಳುತ್ತಾರೆ?

ನಾನೂ ಕೇಳಲಿಲ್ಲ.
ಪಾಸ್‌ವರ್ಡ್ ಬದಲಿಸಿದೆ, ಅಷ್ಟು ಬುದ್ಧಿ ಇತ್ತು.
ತೆರೆದಿದ್ದ ಹಿತ್ತಲ ಬಾಗಿಲುಗಳನ್ನು ಮುಚ್ಚಿದೆ.
ದಾವಣಗೆರೆಯ ಹದಿನೇಳು ಮಂಡಕ್ಕಿ ಭಟ್ಟಿಗಳ ಹಾಜರಿಯನ್ನು
ಉದ್ದನೆ ಪುಸ್ತಕಗಳಿಂದೆತ್ತಿ ಅದರೊಳಗೆ ಸುರಿದೆ.
ಪುಸ್ತಕ ಕೊಡವಿದಾಗೆಲ್ಲ ಮೇಜಿಗೆ ಉದುರುತ್ತಿತ್ತು ಭಟ್ಟಿಯ ಮರಳು,
ಅದಕ್ಕೊಂದು ಕಾಲಂ ಇರಲಿಲ್ಲ.

ಭಟ್ಟಿಗೊಂದು ಹೆಬ್ಬೆಟ್ಟಿನ ಡಬ್ಬಿ.
ಹೊಟ್ಟಿನ ಮಸಿ, ಉಪ್ಪುನೀರು, ಸವೆದ ಗೆರೆ;
ಮೂರನೇ ಸಲಕ್ಕಾದರೂ ಗುರುತು ಹಿಡಿದು
ಟಿಂಗ್ ಅನ್ನುತ್ತಿತ್ತು.

ಮೊದಲ ತಿಂಗಳ ಪಗಾರದ ಮರುದಿನ ಹಯಾತ್‌ಬಿ ಬಂದರು,
ಜರಡಿ ಹಿಡಿಯುವ ಕೈಯಲ್ಲಿ ಚೀಟಿ ಹಿಡಿದು.
"ಓದಪ್ಪಾ ಕೊಟ್ರೇಶಿ. ನಾಲ್ಕು ಗುರುವಾರ ನಾನು ಬಂದೇ ಇಲ್ವಂತೆ.
ಶುಕ್ರವಾರ ಬಂದಿದೀನಂತೆ.
ಶುಕ್ರವಾರ ಭಟ್ಟಿಗೆ ಬೀಗ.
ಬೀಗದ ಜೊತೆ ಕೂತು ಮಂಡಕ್ಕಿ ಜರಡಿ ಹಿಡಿದ್ನೇನು?"

ತೆಗೆದು ನೋಡಿದೆ.
ಬುಧವಾರ, ರಾತ್ರಿ ಹನ್ನೊಂದೂ ಮುಕ್ಕಾಲು: ಹಯಾತ್‌ಬಿ, ಹಾಜರು.
"ಅಷ್ಟೊತ್ನಲ್ಲಿ ನಾನ್ಯಾಕ್ ಬರ್ಲಿ?
ಬಾಂಗು ಕೂಗಿದ್ಮೇಲೆ ಮನೆ ಬಿಡೋಳು ನಾನು.
ಇಪ್ಪತ್ತೆರಡು ವರ್ಷ ಆಯ್ತು. ಯಾರನ್ನಾದ್ರೂ ಕೇಳು."

ಯಾರನ್ನೂ ಕೇಳಬೇಕಿರಲಿಲ್ಲ.
ಬೆರಳು ಮಡಚಿ ಎಣಿಸಿದೆ: ಐದೂವರೆ.
ಕಟ್ಟಿದವನು ಗೋಡೆಯ ಮೇಲೆ ಗಡಿಯಾರ ಬಿಟ್ಟುಹೋಗಿದ್ದ,
ಲೋಕಕ್ಕೆಲ್ಲ ಒಂದೇ ಇರಲೆಂದು ಇಟ್ಟ ಹೊತ್ತು,
ನಮ್ಮ ಕೋಳಿಗೆ ಗೊತ್ತಿಲ್ಲದ್ದು.

ಐದೂವರೆ ದಾಟಿ ಬಂದವರ ದಿನ ಅವರದಾಗೇ ಉಳಿದಿತ್ತು.
ಒಂಬತ್ತಕ್ಕೆ ಬರುವ ನಾನು, ಹತ್ತಕ್ಕೆ ಬರುವ ಇಮ್ದಾದ್ ಸಾಹೇಬರು,
ನಾವು ಸರಿಯಾಗಿಯೇ ಇದ್ದೆವು.
ಕತ್ತಲಲ್ಲಿ ಬಂದವರಷ್ಟೇ ನಿನ್ನೆಗೆ ಜಾರಿದ್ದರು:
ಎರಡಕ್ಕೆ ಒಲೆಗೆ ಹೊಟ್ಟು ತುಂಬುವ ಫಕ್ರುದ್ದೀನ,
ಮೂರಕ್ಕೆ ಮರಳು ಕಾಯಿಸುವ ಹನುಮಕ್ಕ,
ಬೇಗ ಎದ್ದದ್ದೇ ತಪ್ಪಾದವರು.

ಶುಕ್ರವಾರದ ಹಾಜರಿಯನ್ನು ಯಾರೋ ಹೊಡೆದುಹಾಕಿದ್ದರು.
ಯಾರೋ ಏನು, ನಾನೇ.
ರಜೆಯ ದಿನ ಬಿದ್ದದ್ದನ್ನು ಬಿಟ್ಟು ಎಣಿಸು ಎಂದು
ಒಂದು ಸಾಲು ಬರೆದಿಟ್ಟು, ಅದರ ಅಂದಕ್ಕೆ ನಾನೇ ಹಿಗ್ಗಿದ್ದೆ.
ನಾಲ್ಕು ಶುಕ್ರವಾರ, ಅರವತ್ತಮೂರು ಜನ:
ಇನ್ನೂರ ಐವತ್ತೆರಡು ಕೂಲಿ.

ಆ ರಾತ್ರಿ ಮೊದಲು ಒಂದು ನಕಲು ತೆಗೆದಿಟ್ಟೆ.
ಆಮೇಲೆ ಹೇಳಿದೆ, ಬಂದ ಹೊತ್ತಿಗೆಲ್ಲ
ಐದು ಗಂಟೆ ಮೂವತ್ತು ನಿಮಿಷ ಕೂಡಿಸು.
ಕೀಲಿ ಒತ್ತುವ ಬೆರಳಿನಲ್ಲಿ ನಡುಕ.
ಎರಡು ಸೆಕೆಂಡು ಹಿಡಿಯಿತು, ಅಷ್ಟೇ,
ಒಂದು ತಿಂಗಳ ನಸುಕನ್ನೆಲ್ಲ ಸ್ವಸ್ಥಾನಕ್ಕೆ ತರಲು.

ಆಗಲೇ ಕಂಡದ್ದು ಮೂಲೆಯ ಇನ್ನೊಂದು ಕೋಷ್ಟಕ.
ಹೆಸರು ಟೆಸ್ಟ್. ಒಂದೇ ಸಾಲು: ಹಲೋ.
ಪಕ್ಕದಲ್ಲಿ, ಎರಡೂ ಹತ್ತು.
ಕಟ್ಟಿದವನ ಊರಲ್ಲಿ ಆಗ ಊಟದ ಹೊತ್ತೋ,
ಮಲಗಿದ ಮಗು ಎದ್ದೀತೆಂದು ಮೆಲ್ಲಗೆ ಟೈಪಿಸುವ ಹೊತ್ತೋ.
ಅದಕ್ಕೆ ಏನನ್ನೂ ಕೂಡಿಸಲಿಲ್ಲ.
ಅಳಿಸಲೂ ಇಲ್ಲ.

ಬೆಳಿಗ್ಗೆ ಭಟ್ಟಿಯ ಬಾಗಿಲಲ್ಲಿ ನಿಂತಿದ್ದೆ.
ಹಯಾತ್‌ಬಿ ಸೆರಗಿಗೆ ಹೆಬ್ಬೆಟ್ಟು ಒರೆಸಿ ಒತ್ತಿದರು. ಟಿಂಗ್.
"ಈಗೆಷ್ಟಂತೆ?"
"ಐದೂ ಹದಿನೆಂಟು."
ಡಬ್ಬಿಯನ್ನು ನೋಡಲಿಲ್ಲ ಅವರು. ಹೊಗೆಯ ಆಚೆ ಮೂಡಣ ನೋಡಿ
"ಹೂಂ, ಐತೆ" ಅಂದು ಒಳಗೆ ನಡೆದರು.

ಕೂಲಿಯ ಕಾಗದ
ಸಾಹೇಬರ ಸಹಿಗೆ ಇನ್ನೂ ಕಾಯುತ್ತಿದೆ.
ಅವರು ಬರುವುದು ಹತ್ತಕ್ಕೆ.